ಪೈಪಿನ ಕೊನೆಯ ನಲ್ಲಿ

ಮಾರ್ಚ್ 9, ಬೆಳಿಗ್ಗೆ ಒಂಬತ್ತು ನಲವತ್ತು. ನೀರು ಶುದ್ಧೀಕರಣ ಘಟಕದಲ್ಲಿ ನಾವು ಕೊಳೆ ತೆಗೆಯುತ್ತಿದ್ದ ತೊಟ್ಟಿಯಿಂದ ಹತ್ತಿ ಬರುತ್ತಿದ್ದ ಅಣ್ಣನ ಬೆರಳುಗಳನ್ನು ಇಂಜಿನಿಯರ್ ಏಣಿಗೆ ಒತ್ತಿ ತುಳಿದಿದ್ದ.

"ಯಾವನೋ ನಿನಗೆ ಮೇಲೆ ಬಾ ಅಂದದ್ದು, ಸೂಳೆಮಗನೆ?"

ಇನ್ನೂ ಮೊಣಕಾಲುದ್ದ ಕೊಳೆ ಇದೆ, ಇನ್ನೊಂದು ದಿನ ಬೇಕು ಎಂದ ಅಣ್ಣ. ಊರಿಗೆ ಕುಡಿಯುವ ನೀರು ತಿಳಿಯಾಗುವುದು ಆ ತೊಟ್ಟಿಯಲ್ಲೇ. ತಳದಲ್ಲಿ ಎಲೆ, ಸತ್ತ ಪಾಚಿ ಕೊಳೆಯುತ್ತಿದ್ದವು. ನಾತ ಬಂದಾಗಲೆಲ್ಲ ಕೊಳೆ ತೆಗೆಸದೆ ಕ್ಲೋರಿನ್ ಹೆಚ್ಚಿಸುತ್ತ ಬಂದಿದ್ದರು. ಕೊಳೆಗೆ ಕ್ಲೋರಿನ್ ಸೇರಿದರೆ ಕ್ಲೋರೋಫಾರಂನಂಥ ವಿಷಗಳು ಹುಟ್ಟುತ್ತವೆ. ಪೈಪಿನಲ್ಲಿ ನೀರು ಇದ್ದಷ್ಟು ಹೊತ್ತೂ ಹುಟ್ಟುತ್ತಲೇ ಇರುತ್ತವೆ. ಪೈಪಿನ ಕೊನೆಯಲ್ಲಿ ನಮ್ಮ ಕೇರಿ.

ಹತ್ತಕ್ಕೆ ಪ್ರಯೋಗಾಲಯದವಳು ನೀರಿನ ಮಾದರಿ ಒಯ್ಯಲು ಬರುವವಳಿದ್ದಳು. ಕೊಳೆ ಕಾಣದಂತೆ ನೀರು ಬಿಡಿ, ಕ್ಲೋರಿನ್ ದುಪ್ಪಟ್ಟು ಹಾಕಿ ಎಂದ ಇಂಜಿನಿಯರ್. ಕೊಳೆ ತುಂಬುತ್ತಿರುವ ಅತ್ತಿಗೆ ಇನ್ನೂ ತೊಟ್ಟಿಯೊಳಗಿದ್ದಾಳೆ ಎಂದೆ.

"ನಿಮ್ಮತ್ತಿಗೇನು ಸಕ್ಕರೆ ಗೊಂಬೆನಾ, ಕರಗೋಕೆ?"

ತಾನೇ ಹೋಗಿ ವಾಲ್ವಿನ ಚಕ್ರ ತಿರುಗಿಸಿದ. ಅವಸರದಲ್ಲಿ ನೀರಿಗಿಂತ ಮೊದಲು ಕ್ಲೋರಿನ್ ತೆರೆದ. ಬೆರೆಯಲು ನೀರಿಲ್ಲದ ಅನಿಲ ಹಳದಿ ಹಸಿರಾಗಿ ತೊಟ್ಟಿಗೆ ಇಳಿಯಿತು. ನಾನು ಓಡಿಹೋಗಿ ವಾಲ್ವು ಮುಚ್ಚುವಷ್ಟರಲ್ಲಿ ಅಣ್ಣ ಉಸಿರು ಬಿಗಿಹಿಡಿದು ಕೆಳಗೆ ಹಾರಿದ್ದ. ಹೆಗಲ ಮೇಲೆ ತಂದು ಮಲಗಿಸಿದಾಗ ಅತ್ತಿಗೆಯ ಬಾಯಲ್ಲಿ ಕೆಂಪು ನೊರೆ.

"ನಾಟಕ. ಕೆನ್ನೆಗೆರಡು ಬಿಟ್ರೆ ಏಳ್ತಾಳೆ." ಇಂಜಿನಿಯರ್ ಬೂಟಿನ ತುದಿಯಿಂದ ಅವಳ ಪಕ್ಕೆ ತಿವಿದ.

ಅಣ್ಣ ಪೈಪಿನ ಸ್ಪ್ಯಾನರ್ ಎತ್ತಿಕೊಂಡ. ಮೊದಲ ಏಟಿಗೆ ಇಂಜಿನಿಯರನ ಮೊಣಕಾಲು ಮುರಿಯಿತು, ಎರಡನೆಯದಕ್ಕೆ ದವಡೆ. ಬಿಡಿಸಲು ಬಂದ ಕಾವಲುಗಾರನಿಗೆ ನಾನು ಸಲಿಕೆಯ ಕಾವಿನಿಂದ ಹೊಡೆದೆ. ಹಲ್ಲು ಉದುರಿದವು. ಮತ್ತೆ ಹೊಡೆದೆ. ಸಾಕೆನಿಸಲಿಲ್ಲ.

ಪ್ರಯೋಗಾಲಯದ ಜೀಪು ಬಂತು. ಪ್ರಯೋಗಾಲಯದವಳು ಯಾವಾಗಲೂ ಮಾದರಿ ಹಿಡಿಯುತ್ತಿದ್ದದ್ದು ತೊಟ್ಟಿಯ ಪಕ್ಕದ ಆಫೀಸಿನ ನಲ್ಲಿಯಲ್ಲಿ. ಅವಳು ಇಳಿಯುವ ಮೊದಲೇ ಅಣ್ಣ ಅತ್ತಿಗೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ. ಸ್ಪ್ಯಾನರ್ ಇನ್ನೂ ಕೈಯಲ್ಲಿತ್ತು.

"ಆಫೀಸಿಂದು ಬೇಡಕ್ಕಾ. ನಾವು ಕುಡಿಯೋ ನಲ್ಲಿಗೆ ಬನ್ನಿ. ದಾರೀಲೇ ಆಸ್ಪತ್ರೆ."

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರ್ ಅತ್ತಿಗೆಯ ಕಣ್ಣು ಬಿಡಿಸಿ ನೋಡಿ, ಮುಚ್ಚಿದರು. ಅಣ್ಣ ಅವಳ ಸೆರಗು ಸರಿಮಾಡಿ ಮತ್ತೆ ಜೀಪು ಹತ್ತಿದ.

ಕೇರಿಯ ನಲ್ಲಿಯ ಬಳಿ ಪ್ರಯೋಗಾಲಯದವಳು ಬಾಟಲಿಯನ್ನು ಅಣ್ಣನ ಕೈಗೆ ಕೊಟ್ಟಳು. ಗುಳ್ಳೆ ಉಳಿಯದಂತೆ ಬಾಟಲಿ ತುಂಬಿ ತುಳುಕಬೇಕು ಎಂದಳು. ಅಣ್ಣ ಹಾಗೆಯೇ ತುಂಬಿದ, ಮುಚ್ಚಳ ಬಿಗಿದ, ಅವಳು ಮೊಹರು ಹಾಕುವವರೆಗೂ ನಿಂತ. ಬೆನ್ನಟ್ಟಿ ಬಂದ ಪೊಲೀಸರು ಅವನನ್ನು ಬೀದಿಯುದ್ದಕ್ಕೂ ಲಾಠಿಯಲ್ಲಿ ಬಡಿಯುತ್ತ ಒಯ್ದರು.

ಅತ್ತಿಗೆಯನ್ನು ಮಣ್ಣು ಮಾಡಿದ ವಾರಕ್ಕೆ ಫಲಿತಾಂಶ ಬಂತು. ಕ್ಲೋರೋಫಾರಂ ಮಿತಿ ಲೀಟರಿಗೆ 200 ಮೈಕ್ರೋಗ್ರಾಂ. ನಮ್ಮ ನಲ್ಲಿಯಲ್ಲಿ 640.