ಆ ಎರಡಕ್ಷರ

೨೦೦೫ರ ಜುಲೈ, ಸಿಡ್ನಿಯಲ್ಲಿ ಚಳಿಗಾಲ; ಲಂಡನ್ನಿನ ರೈಲುಗಳಲ್ಲಿ ಬಾಂಬು ಸಿಡಿದು ವಾರವಾಗಿತ್ತಷ್ಟೆ. ಪ್ಯಾರಮಟ್ಟಾಕ್ಕೆ ಹೋಗುವ ರೈಲಿನಲ್ಲಿ ಪ್ರಾರ್ಥನಾ ಅಮ್ಮನ ಜೊತೆ ಫೋನಿನಲ್ಲಿ ವಾದಕ್ಕಿಳಿದಿದ್ದಳು. "ಅಲ್ಲಮ್ಮಾ, ಅದಲ್ಲ... ಅಲ್ಲಾ, ನಾನ್ ಹೇಳೋದ್ ಕೇಳು!" ಎದುರು ಸೀಟಿನವನು ಎದ್ದು ಹೋದ. ಮುಂದಿನ ಸ್ಟೇಷನ್ನಿನಲ್ಲಿ ಪೊಲೀಸರು ಹತ್ತಿ ಅವಳ ಬ್ಯಾಗು ಬಿಚ್ಚಿಸಿದರು. ಸಿಕ್ಕಿದ್ದು ಊಟದ ಡಬ್ಬಿ, ಕೊಡೆ. ಕನ್ನಡಿಗರು ದಿನಕ್ಕೆ ನೂರು ಸಲ ಆಡುವ 'ಅಲ್ಲ' ಆ ಎದುರು ಸೀಟಿನವನಿಗೆ ಅಲ್ಲಾಹನ ಹೆಸರಾಗಿ ಕೇಳಿಸಿತ್ತು. ಹೆಸರೇ ಆಗಿದ್ದರೂ ತಪ್ಪೇನಿತ್ತು ಎಂದು ಯಾರೂ ಕೇಳಲಿಲ್ಲ.

ಕನ್ನಡ ಬಳಗದ ಅಧ್ಯಕ್ಷ ಮರಿಯಪ್ಪನವರು ಮರುದಿನವೇ ಎಲ್ಲರಿಗೂ ಇಮೇಲ್ ಕಳಿಸಿದರು: ಹೊರಗೆ ಯಾರೂ ಆ ಪದ ಆಡಬಾರದು.

"ನಮ್ಮ ಸೇಫ್ಟಿಗೇ ಕಣಮ್ಮಾ," ಎಂದರು ಅವಳಿಗೆ. "ಇಲ್ಲೇ ಖಾಯಂ ನೆಲೆಸೋಕೆ ಪಿಆರ್ ಬರೋ ತನಕ ಬಾಯಿ ಬಿಗಿಹಿಡಿದಿರು."

ಜನ ಮೊದಲು ರೈಲಿನಲ್ಲಿ ಆ ಪದ ಬಿಟ್ಟರು. ಆಮೇಲೆ ಅಂಗಡಿಯಲ್ಲಿ, ಕೊನೆಗೆ ಅಡುಗೆಮನೆಯಲ್ಲೂ. ಬಾಯಿತಪ್ಪಿ ಅಂದವರ ಸುದ್ದಿ ಸಂಜೆಯೊಳಗೆ ಅಧ್ಯಕ್ಷರ ಕಿವಿ ಮುಟ್ಟುತ್ತಿತ್ತು. ಮುಟ್ಟಿಸುವವರು ಯಾರೆಂದು ಮಾತ್ರ ತಿಳಿಯುತ್ತಿರಲಿಲ್ಲ.

ವಾರ್ಷಿಕ ಸಭೆಯಲ್ಲಿ ಮರಿಯಪ್ಪನವರು ಮೈಕ್ ಹಿಡಿದರು. "ಕಾಲ ಕೆಟ್ಟಿದೆ. ಇನ್ಮೇಲೆ ಎಲೆಕ್ಷನ್ ಬೇಡ, ನಾನೇ ಮುಂದುವರೀತೀನಿ. ಸರಿ ತಾನೆ?"

ಪ್ರಾರ್ಥನಾಳಿಗೆ ಮೈಯೆಲ್ಲ ಉರಿಯಿತು. ಎದ್ದು ನಿಂತಳು.

"ಇದು ಸರಿ..."

ಸಭೆಯ ಅಷ್ಟೂ ತಲೆಗಳು ಅವಳತ್ತ ತಿರುಗಿದವು. ಉಳಿದ ಎರಡಕ್ಷರ ಗಂಟಲಲ್ಲೇ ಕೂತವು.

ಜೋರು ಚಪ್ಪಾಳೆ ಬಿತ್ತು. ಕಾರ್ಯದರ್ಶಿ ತಲೆಯೆತ್ತದೆ ಬರೆದುಕೊಂಡ: ಅನುಮೋದಿಸಿದವರು, ಪ್ರಾರ್ಥನಾ.