ಇನ್ನೊಮ್ಮೆ ನೋಡಿದ ತಪ್ಪಿಗೆ

ಇಳಕಲ್ಲಿನ ನೇಕಾರರ ಸಂಘದಲ್ಲಿ ಗುರುಲಿಂಗವ್ವ ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಾಗ, ಸಾಕ್ಷಿಯೆಂದು ಸಹಿ ಮಾಡಿದವಳು ಅಬೇದಾ. ಇಪ್ಪತ್ತೆರಡು ವರ್ಷ ನೂಲಿನ ಲಡಿ ಎಣಿಸಿ ಬಣ್ಣಕ್ಕೆ ಕಳಿಸಿದ ಗುರುಲಿಂಗವ್ವ, ಈ ಸಲ ಎಂಬತ್ತೆಂಟು ಲಡಿ ಕಳಿಸುವ ಕಡೆ ನೂರಾನಾಲ್ಕು ಕಳಿಸಿದ್ದಳು. ಹದಿನಾರು ಲಡಿ ಬಿಳಿ ನೂಲು ಯಾರಿಗೂ ಬೇಡದೆ ದಾಳಿಂಬೆ ಕೆಂಪಾಗಿ ಕೂತಿತ್ತು. ಸೋಮವಾರದ ಸಭೆಯಲ್ಲಿ ಆ ಕಾಗದ ಓದಿದರೆ ಅವಳ ಕೆಲಸ ಹೋದಂತೆಯೇ.

ಲೆಕ್ಕ ಮಾಡಿದ್ದು ಕಂಪ್ಯೂಟರಿನಲ್ಲಿ. ಅಬೇದಾ ಮತ್ತು ಹುನಗುಂದದ ಅಮರೇಶ ಸೇರಿ ಸಂಘಕ್ಕೆಂದೇ ಕನ್ನಡದಲ್ಲಿ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದರು. ಒಂದು ಸಾಲು ಬರೆದರೆ ಕೆಳಗೇ ಉತ್ತರ ಬರುತ್ತದೆ. ಬಂದ ಉತ್ತರವನ್ನು ಮತ್ತೆ ಬರೆಯುವ ತಾಪತ್ರಯ ಬೇಡವೆಂದು ಎರಡು ಕಿರುಪದ ಇಟ್ಟಿದ್ದರು. 'ಹಿಂ೧' ಎಂದರೆ ಈಗಷ್ಟೇ ಬಂದ ಉತ್ತರ, 'ಹಿಂ೨' ಎಂದರೆ ಅದಕ್ಕೂ ಹಿಂದಿನದು. ಇದು ಅಮರೇಶನ ತಲೆ. ಪ್ರತಿ ಉತ್ತರಕ್ಕೂ ಕಾಯಂ ನಂಬರು ಕೊಡೋಣ ಎಂದು ಅಬೇದಾ ಆಗಲೇ ಹೇಳಿದ್ದಳು. ಅವನು ನಕ್ಕು ತಳ್ಳಿಹಾಕಿದ್ದ, ಇವಳು ಬಾಯಿ ಮುಚ್ಚಿಕೊಂಡಿದ್ದಳು.

ಭಾನುವಾರ ಅವಳು ಗುರುಲಿಂಗವ್ವನ ಮನೆಗೆ ಹೋದಳು.

"ಅಕ್ಕಾರ, ಅವತ್ತ ಏನೇನ್ ಒತ್ತಿದ್ರಿ, ಒಂದೂ ಬಿಡದಂಗ ಹೇಳ್ರಿ."

"ಮೊದಲ್ನೇ ಆರ್ಡರಿಂದು ಮೂವತ್ತಾರು ಬಂತವಾ, ಎರಡನೇದು ಐವತ್ತೆರಡು. ಬಣ್ಣಕ್ಕ ಕಳಸೂ ಮುಂಚೆ ಇನ್ನೊಮ್ಮೆ ನೋಡಬೇಕಲ್ಲ? ಬಣ್ಣ ಕುಡದ ನೂಲು ತಿರುಗಿ ಬಿಳಿ ಆಗ್ತೈತೇನು? ಹಿಂ೧ ಒತ್ತಿ ನೋಡಿದ್ನಿ, ಐವತ್ತೆರಡು ಖರೆ ಐತಿ. ಆಮ್ಯಾಲೆ ಹಿಂ೧, ಹಿಂ೨ ಎರಡೂ ಕೂಡಿಸಿದ್ನಿ."

ಅಬೇದಾಳ ಮೈಯೆಲ್ಲ ಉರಿದುಹೋಯಿತು. ಸುಮ್ಮನೆ ನೋಡಿದ್ದನ್ನೂ ಆ ದರಿದ್ರ ಯಂತ್ರ ಹೊಸ ಉತ್ತರವೆಂದು ಎಣಿಸಿತ್ತು. ನೋಡಿದ ಐವತ್ತೆರಡು ಹಿಂ೧ ಆಗಿ, ಮೊದಲಿನ ಐವತ್ತೆರಡು ಹಿಂ೨ ಆಗಿ, ಮೂವತ್ತಾರು ಲೆಕ್ಕದಿಂದಲೇ ಹೊರಗೆ ಬಿದ್ದಿತ್ತು. ಆ ಹೆಂಗಸು ಸಿಕ್ಕಿಬಿದ್ದದ್ದು ತನ್ನ ಎಚ್ಚರಿಕೆಯಿಂದ!

ಸೋಮವಾರ ಸಂಘದ ಅಧ್ಯಕ್ಷ ಈರಪ್ಪ ಕಾಗದ ಬಿಚ್ಚುವ ಹೊತ್ತಿಗೆ ಅಬೇದಾ ಕಂಪ್ಯೂಟರನ್ನು ಎಲ್ಲರ ಕಡೆ ತಿರುಗಿಸಿದಳು.

"ಅಮರೇಶ, ಅದ ಲೆಕ್ಕ ನೀ ಮಾಡಿ ತೋರ್ಸು."

ಅವನು ಪಟಪಟ ಒತ್ತಿದ. ಎಂಬತ್ತೆಂಟು ಬಂತು. "ನೋಡ್ರಿ ಈರಪ್ಪ ಕಾಕಾ, ಲೆಕ್ಕ ಬರೋಬ್ಬರಿ ಐತಿ. ಅಕ್ಕಾರಿಗೆ ತಿಳದಿಲ್ಲ ಅಷ್ಟ."

"ಮತ್ತ ಮೊದಲಿಂದ ಮಾಡು. ಕೂಡಿಸೂ ಮುಂಚೆ ಹಿಂ೧ ಒಮ್ಮೆ ನೋಡು."

ನೂರಾನಾಲ್ಕು. ಅಮರೇಶನ ಮುಖ ಕೆಂಪಾಯಿತು, ಆದರೂ ಮೂಗು ಕೆಳಗಿಳಿಯಲಿಲ್ಲ. "ಅದಕ್ಕೇನಾತು? ಇನ್ನೊಮ್ಮೆ ನೋಡಬಾರದು ಅಂತ ಗ್ವಾಡಿಗೆ ಬರದು ಹಚ್ಚೂಣು."

"ನಾಚಿಕಿ ಆಗೂದಿಲ್ಲೇನು ನಿನಗ?" ಅಬೇದಾ ಎದ್ದು ನಿಂತೇಬಿಟ್ಟಳು. "ಎರಡೆರಡು ಸಲ ನೋಡೂದು ಅಕ್ಕಾರ ಕಸಬು. ನೀ ಒಂದ್ಸಲನೂ ತಿರುಗಿ ನೋಡಾಂವಲ್ಲ, ಅದಕ್ಕ ನಿನಗ ಈ ತಪ್ಪು ಸಿಕ್ಕಿಲ್ಲ. ನೂಲಿನ ಮಂದಿಗೆ ನೋಡಬ್ಯಾಡ್ರಿ ಅಂತ ಹೇಳಾಕ ನೀ ಯಾರು?"

ಈರಪ್ಪ ಕಾಗದವನ್ನು ಮತ್ತೆ ಮಡಚಿದ. "ಆತವಾ, ಸರಿ ಮಾಡ್ರಿ. ಗುರುಲಿಂಗವ್ವ, ನಾಳಿಂದ ಕೆಲಸಕ್ಕ ಬಾ. ಈ ಕಾಗದ ಹರದ ಬಿಡೂಣು."

"ಹರೀಬ್ಯಾಡ್ರಿ," ಅಂದಳು ಗುರುಲಿಂಗವ್ವ. "ಎಂಟು ದಿನ ಓಣಿ ತುಂಬ ನನ್ನ ಹೆಸರು ಆಡ್ಯಾರ, ಅದನ್ನ ಹ್ಯಾಂಗ ಹರೀತೀರಿ? ಖರೆ ಏನಾತು ಅಂತ ಅದರ ಕೆಳಗ ಬರೀರಿ. ಈ ಭಾಷಾ ಮಾಡಿದ ಇಬ್ರೂ ಸಹಿ ಮಾಡ್ರಿ."

ಅಬೇದಾ ಬರೆದಳು. ತಪ್ಪು ನಮ್ಮದು ಎಂದು ಸಹಿ ಹಾಕಿ ಪೆನ್ನನ್ನು ಅಮರೇಶನ ಮುಂದಿಟ್ಟಳು. ಅವನು ಈರಪ್ಪನ ಮುಖ ನೋಡಿದ. ಈರಪ್ಪ ಕಿಟಕಿಯ ಕಡೆ ನೋಡಿದ. ಗುರುಲಿಂಗವ್ವ ಕುರ್ಚಿ ಎಳೆದುಕೊಂಡು ಅಮರೇಶನ ಎದುರಿಗೇ ಕೂತಳು.