ನಲವತ್ತೊಂದನೇ ಕಂಪ್ಯೂಟರ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಾಧು ಎಂದುಕೊಳ್ಳುವುದು ಬೇಡ. ಪೆರೇಸಂದ್ರದ ಹತ್ತಿರ ಹೈವೇ ಪಕ್ಕದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು ನಾನು, ಮೋಹನ್‌ಬಾಬು. ಕೆಲಸ ಕಾಯಂ ಅಲ್ಲ. ವರ್ಷಕ್ಕೊಮ್ಮೆ ಜೂನ್‌ನಲ್ಲಿ ಆರ್ಡರ್ ಕೊಡುತ್ತಾರೆ, ಹಾಗಾಗಿ ಮೇ ತಿಂಗಳೆಲ್ಲ ಕಂಡಕಂಡವರಿಗೆ ನಮಸ್ಕಾರ ಹೊಡೆಯುತ್ತಾ ತಿರುಗುತ್ತೇನೆ.

ಈ ಸಲ ಮೇ ತಿಂಗಳಲ್ಲೇ ಬೆಂಗಳೂರಿನ ಯಾವುದೋ ಕಂಪನಿ ಬೇಡವೆಂದ ನಲವತ್ತು ಕಂಪ್ಯೂಟರ್‌ಗಳು ಲಾರಿಯಲ್ಲಿ ಬಂದಿಳಿದವು. ಒಂದರಲ್ಲೂ ಆಪರೇಟಿಂಗ್ ಸಿಸ್ಟಮ್ ಇಲ್ಲ, ಬರೀ ಖಾಲಿ ಡಬ್ಬ. ವಾರದೊಳಗೆ ಎಲ್ಲವೂ ಓಡಬೇಕು ಎಂದು ಪ್ರಿನ್ಸಿಪಾಲರ ಅಪ್ಪಣೆ. ಪೆನ್‌ಡ್ರೈವ್ ಹಿಡಿದು ನಲವತ್ತರ ಮುಂದೆಯೂ ಕೂತೇಳಲು ನನಗೇನು ಹುಚ್ಚೇ? ಮೂಲೆಯಲ್ಲಿದ್ದ ಒಂದು ಯಂತ್ರವನ್ನು ಸರ್ವರ್ ಮಾಡಿದೆ. ಡಿಸ್ಕ್ ಖಾಲಿ ಇರುವ ಕಂಪ್ಯೂಟರ್ ಆನ್ ಆದಾಗ, ಈಗೇನು ಮಾಡಲಿ ಎಂದು ವೈರಿನ ಮೂಲಕ ಕೇಳುತ್ತದೆ. ಸರ್ವರ್ ಅದಕ್ಕೊಂದು ವಿಳಾಸ ಕೊಟ್ಟು, ಇಡೀ ಸಿಸ್ಟಮ್ಮನ್ನೇ ವೈರಿನಲ್ಲಿ ಕಳಿಸಿಕೊಡುತ್ತದೆ. ಹಾಗೆ ಕಳಿಸುವ ಮುಂಚೆ ಹತ್ತು ಸೆಕೆಂಡು ನಿಂತು, ಹಾಕಲೋ ಬೇಡವೋ ಎಂದು ಕೇಳುವಂತೆ ಇಡುವುದು ಪದ್ಧತಿ. ನಾನು ಆ ಪ್ರಶ್ನೆಯನ್ನೇ ತೆಗೆದುಹಾಕಿದೆ. ಯಾರೇ ಕೇಳಲಿ, ಡಿಸ್ಕ್ ಪೂರ್ತಿ ಅಳಿಸು, ಹೊಸದಾಗಿ ಹಾಕು, ಅಷ್ಟೇ. ಶುಕ್ರವಾರ ಸಂಜೆಗೆ ನಲವತ್ತೂ ಎದ್ದು ಕೂತವು. ಸರ್ವರ್ ಆಫ್ ಮಾಡುವುದು ಸೋಮವಾರ ಆದರಾಯಿತು ಎಂದುಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

ಈಗ ಚಲಪತಿಯವರ ವಿಷಯ. ಕೆಂಚಾರ್ಲಹಳ್ಳಿಯವರು, ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತರು. ಅವರ ಮಗಳು ತನುಜ ನಮ್ಮಲ್ಲೇ ಫೈನಲ್ ಇಯರ್ ಬಿ.ಕಾಂ. ಅವಳ ಇಂಟರ್ನಲ್ ಅಂಕ ರಿಜಿಸ್ಟರಿನಲ್ಲಿ ಹನ್ನೆರಡು, ಕಂಪ್ಯೂಟರಿನಲ್ಲಿ ಮೂವತ್ತಾರು. ಅಪ್ಪನೇ ತಿದ್ದಿದ್ದಾನೆ ಎಂದು ಆರೋಪ ಬಂತು, ವಿಚಾರಣೆ ಸೋಮವಾರಕ್ಕೆ ನಿಗದಿಯಾಯಿತು. ಚಲಪತಿ ಹೇಳುತ್ತಿದ್ದುದು ಒಂದೇ ಮಾತು: ಹುಡುಗಿ ಜ್ವರದಲ್ಲಿ ಬರೆದಿದ್ದಳೆಂದು ಮೇಷ್ಟ್ರು ಇನ್ನೊಮ್ಮೆ ಪರೀಕ್ಷೆ ಬರೆಸಿದರು, ತಾವೇ ಬಂದು ತಮ್ಮ ಪಾಸ್‌ವರ್ಡ್ ಹಾಕಿ ಅಂಕ ಏರಿಸಿದರು, ಅನುಮತಿ ಇಲ್ಲದೆ ಬರೆಸಿದ್ದರಿಂದ ಈಗ ಬಾಯಿ ಬಿಡುತ್ತಿಲ್ಲ. ಆ ಮೇಷ್ಟ್ರು ಆಡಳಿತ ಮಂಡಳಿಯ ಕಾರ್ಯದರ್ಶಿ ರಾಮಾಂಜಿನಪ್ಪನವರ ಅಳಿಯ. ಊರಾಚೆಯ ಕಾಲೋನಿಯವನು ಮಗಳಿಗೆ ಅಂಕ ಹಾಕಿಕೊಂಡ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆದರೆ ಚಲಪತಿ ಹೇಳಿದ್ದು ನಿಜ. ಯಾರು, ಯಾವ ಹೊತ್ತಿನಲ್ಲಿ, ಏನು ತಿದ್ದಿದರು ಎಂಬುದು ಆಫೀಸಿನ ಕಂಪ್ಯೂಟರಿನಲ್ಲಿ ತಾನಾಗಿ ದಾಖಲಾಗಿತ್ತು. ಆ ಸಾಲನ್ನು ನಾನೇ ಕಣ್ಣಾರೆ ನೋಡಿದ್ದೆ, ಅದರಲ್ಲಿದ್ದುದು ಮೇಷ್ಟ್ರ ಹೆಸರು. ಸೋಮವಾರ ಎಲ್ಲರೆದುರಿಗೆ ತೆರೆದು ನೋಡಿ ಎಂದು ಚಲಪತಿ ಅರ್ಜಿ ಕೊಟ್ಟಿದ್ದರು. ಅದರ ನಕಲು ಬೇರೆಲ್ಲೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಆಫೀಸಿನಲ್ಲಿ ಇಂಟರ್ನೆಟ್ ಇಲ್ಲವೆಂದು ಒಂದೇ ಸಮ ಪ್ರಾಣ ತಿಂದರು. ಕಾಟ ತಪ್ಪಲಿ ಎಂದು ಅಲ್ಲಿಯ ವೈರನ್ನೂ ಲ್ಯಾಬಿನ ವೈರುಗಳೆಲ್ಲ ಸೇರುವ ಪೆಟ್ಟಿಗೆಗೇ ಸಿಕ್ಕಿಸಿಬಿಟ್ಟೆ. ಆಫೀಸಿನ ಆ ಹಳೇ ಯಂತ್ರದ ಒಳಗಿನ ಪುಟ್ಟ ಬ್ಯಾಟರಿ ಸತ್ತು ವರ್ಷವಾಗಿತ್ತು. ಕರೆಂಟ್ ಹೋಗಿ ಬಂದರೆ ಅದು ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಮರೆತು, ಡಿಸ್ಕ್ ಬಿಟ್ಟು ಮೊದಲು ವೈರಿನ ಕಡೆಗೇ ನೋಡುತ್ತಿತ್ತು. ಬ್ಯಾಟರಿ ಬದಲಿಸಿಕೊಡಿ ಎಂದು ಚಲಪತಿ ಮೂರು ಸಲ ಕೇಳಿದ್ದರು, ಮೂರು ಸಲವೂ ನಾನು ಸಿಡಿಮಿಡಿಗೊಂಡಿದ್ದೆ.

ಶನಿವಾರ ನನಗೆ ರಜೆ. ಕಾಲೇಜಿನಲ್ಲಿ ಹನ್ನೊಂದಕ್ಕೆ ಕರೆಂಟ್ ಹೋಯಿತು, ಹನ್ನೆರಡಕ್ಕೆ ಬಂತು. ಲ್ಯಾಬಿನಲ್ಲಿ ಸರ್ವರ್ ತಾನಾಗಿ ಎದ್ದಿತು. ಆಫೀಸಿನಲ್ಲಿ ಚಲಪತಿ ತಮ್ಮ ಕಂಪ್ಯೂಟರ್ ಆನ್ ಮಾಡಿದರು. ನಾನು ನೆಂಟರ ಗೃಹಪ್ರವೇಶದಲ್ಲಿ ಎಲೆಯ ಮುಂದೆ ಕೂತಿದ್ದೆ, ಫೋನ್ ಬಂತು.

"ಸಾರ್, ಸ್ಕ್ರೀನ್ ತುಂಬಾ ಬಿಳೀ ಅಕ್ಷರ ಓಡ್ತಾ ಇದೆ. ಏನೋ ಭಯ ಆಗ್ತಿದೆ. ವೈರ್ ಕಿತ್ತುಬಿಡ್ಲಾ?"

"ಏನೂ ಮುಟ್ಟಬೇಡ್ರೀ. ಅಪ್‌ಡೇಟ್ ಆಗ್ತಿರುತ್ತೆ. ಕೈ ಕಟ್ಕೊಂಡು ಸುಮ್ನೆ ಕೂತ್ಕೊಳ್ಳಿ," ಎಂದು ರೇಗಿ ಫೋನ್ ಇಟ್ಟೆ. ಹೋಳಿಗೆ ಬಡಿಸುತ್ತಿದ್ದರು.

ಅವರು ಹಾಗೇ ಕೂತರು. ಇಪ್ಪತ್ತು ನಿಮಿಷ ಆ ಅಕ್ಷರಗಳನ್ನೇ ನೋಡುತ್ತಾ, ಕೈ ಕಟ್ಟಿಕೊಂಡು ಕೂತಿದ್ದರಂತೆ. ಆಫೀಸಿನ ಆಂಜಿನಮ್ಮ ಆಮೇಲೆ ಹೇಳಿದಳು.

ಸೋಮವಾರ ಎಲ್ಲರಿಗಿಂತ ಮುಂಚೆ ಬಂದು ಆಫೀಸಿನ ಕಂಪ್ಯೂಟರ್ ನೋಡಿದೆ. ಲ್ಯಾಬಿನ ನಲವತ್ತರ ಹಾಗೇ ಹೊಚ್ಚ ಹೊಸದಾಗಿತ್ತು, ಒಳಗೆ ಒಂದು ಫೈಲೂ ಇರಲಿಲ್ಲ. ಓಡಿಹೋಗಿ ಸರ್ವರ್ ನೋಡಿದೆ. ಸಿಸ್ಟಮ್ ಕಳಿಸಿಕೊಟ್ಟ ಪಟ್ಟಿಯಲ್ಲಿ ಕೊನೆಯದು, ನಲವತ್ತೊಂದನೆಯದು, ಶನಿವಾರ ಹನ್ನೆರಡು ಗಂಟೆ ಏಳು ನಿಮಿಷ. ಆ ಪಟ್ಟಿಯೊಂದನ್ನು ತೋರಿಸಿದ್ದರೆ, ಅಳಿಸಿದ್ದು ನನ್ನ ಸರ್ವರ್ ಎಂದು ತಿಳಿದು ಚಲಪತಿ ಬಚಾವಾಗುತ್ತಿದ್ದರು. ನಾನು ಅದನ್ನು ಅಳಿಸಿದೆ. ಸರ್ವರ್ ಆಫ್ ಮಾಡಿ, ಆಫೀಸಿನ ವೈರನ್ನು ಪೆಟ್ಟಿಗೆಯಿಂದ ಕಿತ್ತು ಮೊದಲಿದ್ದ ಜಾಗಕ್ಕೇ ಹಾಕಿ ಬಂದೆ. ಥೂ, ಎಂಥ ಜನ್ಮ ಎಂದು ನನಗೇ ಅನ್ನಿಸಿತು, ಆದರೂ ಕೈ ಒಂದು ಕ್ಷಣ ನಿಲ್ಲಲಿಲ್ಲ.

ಹತ್ತು ಗಂಟೆಗೆ ವಿಚಾರಣೆ. ಎಲ್ಲರೆದುರಿಗೆ ಕಂಪ್ಯೂಟರ್ ತೆರೆದರೆ ಖಾಲಿ. ಸಾಕ್ಷಿಯನ್ನೇ ಅಳಿಸಿಹಾಕಿದ್ದಾನೆ ನೋಡಿ ಎಂದು ಪ್ರಿನ್ಸಿಪಾಲರು ಮೇಜು ಕುಟ್ಟಿದರು. ರಾಮಾಂಜಿನಪ್ಪನವರು ಮಾತ್ರ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಏಮಪ್ಪಾ ಮೋಹನು, ಇದು ತಾನಾಗೇ ಅಳಿಸಿ ಹೋಗುತ್ತಾ?"

"ತಾನಾಗೇ ಆಗಲ್ಲ ಸಾರ್. ಯಾರಾದ್ರೂ ಆನ್ ಮಾಡಿರ್ಬೇಕು," ಎಂದೆ. ಒಂದಕ್ಷರ ಸುಳ್ಳಿಲ್ಲ.

ಆನ್ ಮಾಡಿದ್ದು ಯಾರು ಎಂದು ಕೇಳಿದಾಗ ಚಲಪತಿ ಎದ್ದು ನಿಂತು ನಾನೇ ಎಂದರು. ಹೇಳಿ ನನ್ನನ್ನು ನೋಡಿದರು. ಫೋನಿನ ವಿಷಯ ನಾನಾಗಿ ಹೇಳುತ್ತೇನೆಂದು ಕಾಯುತ್ತಿದ್ದರು. ನಾನು ತಲೆ ತಗ್ಗಿಸಿ ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡುತ್ತಿದ್ದೆ. ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು. ತಪ್ಪೊಪ್ಪಿಕೊಂಡು ಬರೆದುಕೊಟ್ಟು ಕೆಲಸ ಬಿಡಬೇಕು, ಇಲ್ಲವಾದರೆ ಪೊಲೀಸ್ ಕಂಪ್ಲೇಂಟು. ತನುಜಳ ಅಂಕ ಹನ್ನೆರಡೇ. ಅಂದರೆ ಅವಳು ಫೇಲು.

ಮಧ್ಯಾಹ್ನ ಚಲಪತಿ ಒಂದು ಬಿಳಿ ಹಾಳೆ ಹಿಡಿದುಕೊಂಡು ಲ್ಯಾಬಿಗೆ ಬಂದರು. ಬಯ್ಯಲು ಬಂದಿದ್ದಾರೆಂದು ನಾನು ಎದ್ದು ನಿಂತೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವು ಹೇಳ್ದಂಗೇ ಕೂತಿದ್ದೆ ಸಾರ್, ಒಂದು ಬಟನ್ನೂ ಒತ್ತಲಿಲ್ಲ," ಎಂದರು. "ಆದ್ರೂ ಆನ್ ಮಾಡೋವಾಗ ನನ್ನ ಕೈಯಿಂದ್ಲೇ ಏನೋ ಆಗಿರ್ಬೇಕು. ಫೋನ್ ಮಾಡಿದ ಮಾತು ನಾನು ಎತ್ತಲಿಲ್ಲ, ನಿಮಗ್ಯಾಕೆ ತೊಂದರೆ ಅಂತ."

ತಪ್ಪೊಪ್ಪಿಗೆಯಲ್ಲಿ ಕಂಪ್ಯೂಟರಿನ ಮಾತೆಲ್ಲ ಬರೆಯಬೇಕಂತೆ, ಅದು ತಮಗೆ ಬರುವುದಿಲ್ಲ, ಸ್ವಲ್ಪ ಬರೆದುಕೊಡಿ ಎಂದು ಕೇಳಿದರು. ನಾನು ಕೂತು ಬರೆದೆ. ಅವರ ಅಜಾಗರೂಕತೆಯಿಂದ ದಾಖಲೆಗಳು ನಾಶವಾದವೆಂದೂ, ಇದರಲ್ಲಿ ಬೇರೆ ಯಾರ ಪಾತ್ರವೂ ಇಲ್ಲವೆಂದೂ ಬರೆದೆ. ಆ ಎರಡನೇ ಸಾಲನ್ನು ಯಾರೂ ಬರೆಯಲು ಹೇಳಿರಲಿಲ್ಲ.

ಚಲಪತಿ ಹಾಳೆಯನ್ನು ಎರಡು ಸಲ ಓದಿದರು.

"ನಡೆದಿದ್ದು ಹೀಗೇನಾ ಸಾರ್? ನನಗೆ ಗೊತ್ತಾಗಲ್ಲ, ನಿಮಗೆ ಗೊತ್ತಿರುತ್ತೆ. ನೀವು ಹೌದು ಅಂದ್ರೆ ಸೈನ್ ಹಾಕ್ತೀನಿ."

"ಹೌದು," ಎಂದೆ.

ಅವರು ಸೈನ್ ಹಾಕಿದರು.